ಏಳನೇ ನಂಬರಿನ ಕಾಯಿಲ್‌ಗಳು

ನಮ್ಮ ಮನೆಯವರ ಕೆಲಸ ಏನು ಅಂತ ಜನರಿಗೆ ತಿಳಿಸಿ ಹೇಳುವುದೇ ಮದುವೆಯಾದ ಹೊಸತರಲ್ಲಿ ನನಗೆ ಪೇಚಾಟವಾಗಿತ್ತು. ಬೀದರ್ ಕಡೆಯ ನಮ್ಮ ಊರಲ್ಲಿ ‘ಅಳಿಯ ರೇಡಿಯೋ ಇಂಜಿನಿಯರ್’ ಅಂದರೆ ಎಲ್ಲರೂ ಹೌದಾ ಹೌದಾ ಅಂತ ತಲೆಯಾಡಿಸಿ ಸುಮ್ಮನಾಗುತ್ತಿದ್ದರು. ನಾಸಿಕಕ್ಕೆ ಬಂದು ಪಂಚವಟಿಯ ಒಂದು ಹಳೇ ವಾಡೆಯ ಮಾಳಿಗೆಯ ಮೇಲೆ ಎರಡು ಕೋಣೆ ಹಿಡಿದ ಮೇಲೆ ಹಾಗೆ ನಡೆಯಲಿಲ್ಲ. ಹದಿನೈದು ದಿನದಲ್ಲಿ ವಾಡೆಯ ಹೆಂಗಸರು ಕೆಟ್ಟ ರೇಡಿಯೋ ಕಂಕುಳಲ್ಲಿ ಇಟ್ಟುಕೊಂಡು ಒಬ್ಬೊಬ್ಬರೇ ಮೆಟ್ಟಿಲು ಹತ್ತಿ ಬರತೊಡಗಿದರು. ಇವರು ಕೈಯಿಂದ ಮುಟ್ಟಲೂ ಇಲ್ಲ.

“ನಾ ರಿಪೇರಿ ಮಾಡಂವ ಅಲ್ಲ” ಅಂದುಬಿಟ್ಟರು.

ಬಂದವರು ಹೋದ ಮೇಲೆ ನನಗೆ ಸಿಟ್ಟು ಬಂತು. “ಮತ್ತ ಏನ್ ಮಾಡಂವ್ರರಿ ನೀವು? ಆ ಮಂದಿ ಏನ್ ತಿಳ್ಕೊಂಡಾರು?”

“ಒಂದು ರೇಡಿಯೋ ಕೆಟ್ರ ಅದು ರಿಪೇರಿಯವನ ಕೆಲಸ. ನೂರು ರೇಡಿಯೋ ಒಂದೇ ಥರ ಕೆಟ್ರ ಅದು ನನ್ನ ಕೆಲಸ.”

ಅಷ್ಟೇ ವಿವರಣೆ. ಉಳಿದದ್ದು ನಾನೇ ವರ್ಷಗಟ್ಟಲೆ ನೋಡಿ ತಿಳಿದುಕೊಂಡೆ. ಕಾರ್ಖಾನೆಯಲ್ಲಿ ಒಂದು ಕೋಣೆಯಲ್ಲಿ ಕೂತವರು ಕಾಗದದ ಮೇಲೆ ರೇಡಿಯೋ ಬರೆಯುತ್ತಿದ್ದರು. ದೊಡ್ಡ ಹಾಲ್‌ನಲ್ಲಿ ಸಾಲಾಗಿ ಕೂತ ಹೆಂಗಸರು ಅದನ್ನು ಬೆಸುಗೆ ಹಾಕಿ ಜೋಡಿಸುತ್ತಿದ್ದರು. ಬರೆದವರು ‘ಜೋಡಿಸಿದ್ದು ಸರಿಯಿಲ್ಲ’ ಅನ್ನುವರು, ಜೋಡಿಸಿದವರು ‘ಬರೆದದ್ದೇ ಸರಿಯಿಲ್ಲ’ ಅನ್ನುವರು. ಇವರು ನಡುವೆ. ಮದುವೆಯಲ್ಲಿ ಎರಡೂ ಕಡೆಯ ಬೀಗರ ಬೈಗುಳ ತಿನ್ನುವ ಹಿರಿಯನ ಹಾಗೆ.

ಅವರ ಕಸುಬು ಅಂದರೆ ಅನುಮಾನ. ತಂತಿಯ ಮೇಲೆ ಅನುಮಾನ, ಬೆಸುಗೆಯ ಮೇಲೆ ಅನುಮಾನ, ಹವೆಯ ಮೇಲೆ ಅನುಮಾನ. ಆದರೆ ಒಂದು ನೇಮವಿತ್ತು: ಒಂದು ಸಲಕ್ಕೆ ಒಂದರ ಮೇಲೆ ಮಾತ್ರ. ಒಮ್ಮೆ ಮನೆಯಲ್ಲಿ ಎರಡು ದಿನ ಬೇಳೆ ಬೇಯಲಿಲ್ಲ. ನಾನು ನೀರು ಬದಲಿಸಿ, ಬೇಳೆ ಬದಲಿಸಿ, ಸ್ಟೋವಿನ ಬತ್ತಿ ಏರಿಸುವುದರಲ್ಲಿದ್ದೆ.

“ಏ, ನಿಲ್ಲು. ಮೂರೂ ಬದಲಿಸಿದ್ರ ಯಾವ್ದು ತಪ್ಪಿತ್ತಂತ ಹ್ಯಾಂಗ ಗೊತ್ತಾಗ್ತದ?”

“ನನಗ ಗೊತ್ತಾಗೂದು ಬ್ಯಾಡರಿ, ಬೇಳಿ ಬೆಂದ್ರ ಸಾಕು!”

ಬಿಡಲಿಲ್ಲ. ಮೊದಲ ದಿನ ನೀರು ಮಾತ್ರ ಬದಲಾಯಿತು, ಮರುದಿನ ಬತ್ತಿ ಮಾತ್ರ. ಮೂರನೇ ದಿನ ಬೇಳೆಯೇ ಹಳೆಯದು ಅಂತ ಸಾಬೀತಾಯಿತು. ಅಲ್ಲಿಯ ತನಕ ಗಟ್ಟಿ ಬೇಳೆಯನ್ನೇ ಉಂಡೆವು. ಇಂಥವರ ಜೊತೆ ಬಾಳುವುದು ಕಷ್ಟ ಅಂತ ಆಗ ಅನ್ನಿಸಿತ್ತು. ಆದರೂ ಕುಡಿಯುವವರಲ್ಲ, ಇಸ್ಪೀಟು ಆಡುವವರಲ್ಲ. ಬೆಳಿಗ್ಗೆ ನಾನು ಲಿಂಗಪೂಜೆಗೆ ಕೂತರೆ ಮೂಡಣ ಕಿಟಕಿಯಿಂದ ನೇರ ಬಿಸಿಲು ಅಂಗೈಯೊಳಗಿನ ಲಿಂಗದ ಮೇಲೆ ಬೀಳುತ್ತಿತ್ತು. ನಳದ ನೀರು ಎರಡು ಹೊತ್ತು ಬರುತ್ತಿತ್ತು. ಶಿವ ನನಗೆ ಕಡಿಮೆ ಮಾಡಿರಲಿಲ್ಲ.

ಕೆಳಗಿನ ಅಂಗಳದ ಮೂಲೆಯ ಕೋಣೆಯಲ್ಲಿ ಒಬ್ಬ ವಿಧವೆ, ಶಾಲೆಗೆ ಹೋಗುವ ಮಗಳೊಂದಿಗೆ ಇದ್ದರು. ಮರಾಠಿಯವರು. ನನಗಿಂತ ಹದಿನೈದು ವರ್ಷ ದೊಡ್ಡವರಿದ್ದಿರಬಹುದು. ನಾನು ಅವರನ್ನು ಮಾವಶಿ (ಚಿಕ್ಕಮ್ಮ) ಅನ್ನುತ್ತಿದ್ದೆ, ಅವರು ನನ್ನನ್ನು ವೈನಿ (ಅತ್ತಿಗೆ) ಅನ್ನುತ್ತಿದ್ದರು. ಕಾರ್ಖಾನೆಯವರು ಒಂದು ಕೆಲಸವನ್ನು ಮನೆಗಳಿಗೆ ಕೊಡುತ್ತಿದ್ದರು. ಪೆನ್ಸಿಲಿನಷ್ಟು ದಪ್ಪದ ಕಾಗದದ ಕೊಳವೆಯ ಮೇಲೆ ಕೂದಲಿಗಿಂತ ಸಣ್ಣ ತಾಮ್ರದ ತಂತಿಯನ್ನು ಎಣಿಸಿ ಸುತ್ತುವುದು. ಅದಕ್ಕೆ ಕಾಯಿಲ್ ಅನ್ನುತ್ತಿದ್ದರು. ಗಾಳಿಯಲ್ಲಿನ ಸ್ಟೇಷನ್ ಹಿಡಿಯುವುದೇ ಅದಂತೆ. ಹತ್ತು ಹನ್ನೆರಡು ಹೆಂಗಸರು ಈ ಕೆಲಸ ಮಾಡುತ್ತಿದ್ದರು, ಒಬ್ಬೊಬ್ಬರಿಗೂ ಒಂದು ನಂಬರು, ಅದು ಅವರು ಸುತ್ತಿದ ಕಾಯಿಲ್ ಮೇಲೂ ಇರುತ್ತಿತ್ತು. ನಮ್ಮವರೇ ಹೇಳಿ ಮಾವಶಿಗೆ ಆ ಕೆಲಸ ಕೊಡಿಸಿದ್ದರು. ಅವರ ನಂಬರು ಏಳು. ಅವರ ಮನೆ ನಡೆಯುತ್ತಿದ್ದದ್ದು ಅದೊಂದರಿಂದಲೇ.

ಬೇರೆ ಹೆಂಗಸರು ಕಾಯಿಲ್ ತುಂಬಿದ ಟ್ರೇಯನ್ನು ತಾವೇ ಒಯ್ದು ಕಾರ್ಖಾನೆಯ ಬಾಗಿಲಲ್ಲಿ ಕೊಡಬೇಕು. ಮಾವಶಿಯ ಟ್ರೇ ಮಾತ್ರ ನಮ್ಮ ಮನೆಗೆ ಬರುತ್ತಿತ್ತು, ಇವರು ಹೋಗುವಾಗ ಒಯ್ಯುತ್ತಿದ್ದರು. ಬೆಳಿಗ್ಗೆ ಆರಕ್ಕೆ ಅವರು ತಂದಿಟ್ಟರೆ ಇವರು ಏಳೂವರೆಗೆ ಹೊರಡುವ ತನಕ ಅದು ನಮ್ಮ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಇರುತ್ತಿತ್ತು.

ಇಲ್ಲಿಂದ ಮುಂದಿನದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಮೊದಲು ಕಾಣುವುದು ಕುಂಕುಮವಿಲ್ಲದ ಅವರ ಹಣೆ. ಅವರ ಕೈಯ ವಸ್ತು ನನ್ನ ಗಂಡನ ಕೈಗೆ ಹೋಗಬೇಕು, ಅದರಿಂದ ಇವರ ಕೆಲಸ ನಡೆಯಬೇಕು. ನನ್ನ ಎದೆ ಅಳುಕುತ್ತಿತ್ತು. ನಮ್ಮಲ್ಲಿ ಇಂಥ ಸೂತಕ, ಅಪಶಕುನ ಯಾವುದೂ ಇಲ್ಲ. ನಮ್ಮ ಅವ್ವ ಇದನ್ನು ಸಾವಿರ ಸಲ ಹೇಳಿದ್ದಳು, ಮಠದ ಸ್ವಾಮಿಗಳು ಹೇಳಿದ್ದರು, ನಾನೂ ಕೇಳಿ ಹೌದು ಅಂದಿದ್ದೆ. ಆದರೂ ಪರ ಊರಲ್ಲಿ, ಒಬ್ಬಳೇ ಇದ್ದಾಗ, ಅಳುಕು ಬಂದರೆ ಯಾರ ಮಾತೂ ನೆನಪಾಗುವುದಿಲ್ಲ. ಸೋಮವಾರ ನಾನು ವಿಶೇಷ ಪೂಜೆ ಮಾಡುತ್ತಿದ್ದೆ. ಪೂಜೆ ಮುಗಿಸಿ ಎದ್ದು ಊರಿಂದ ತಂದ ವಿಭೂತಿ ಗಟ್ಟಿಯನ್ನು ಪುಡಿ ಮಾಡಿ ಒಲೆಗೆ, ಹೊಸ್ತಿಲಿಗೆ, ಇವರ ಸೈಕಲ್ಲಿಗೆ ಹಚ್ಚುವುದು ರೂಢಿ. ಒಂದು ಸೋಮವಾರ ಒಂದು ಚಿಟಿಕೆ ತೆಗೆದು ಆ ಟ್ರೇಯ ಮೇಲೂ ಉದುರಿಸಿದೆ. ದೃಷ್ಟಿ ತಾಗದಿರಲಿ ಅಂತ. ಮನಸ್ಸು ಹಗುರಾಯಿತು. ಮುಂದಿನ ಸೋಮವಾರವೂ ಮಾಡಿದೆ. ಆಮೇಲೆ ಪ್ರತಿ ಸೋಮವಾರ. ಇವರಿಗೆ ಹೇಳಲಿಲ್ಲ, ಹೇಳಿದರೆ ನಗುತ್ತಿದ್ದರು.

ಬೇಸಿಗೆ ಕಳೆಯಿತು. ಮಳೆ ಹಿಡಿಯಿತು, ಗೋದಾವರಿ ಕೆಂಪಾಯಿತು, ಘಾಟಿನ ಸಣ್ಣ ಗುಡಿಗಳು ಮುಳುಗಿದವು. ಆಗ ಔರಂಗಾಬಾದಿನಿಂದ (ಈಗ ಅದನ್ನು ಸಂಭಾಜಿನಗರ ಅನ್ನುತ್ತಾರೆ) ರೇಡಿಯೋಗಳು ವಾಪಸು ಬರತೊಡಗಿದವು. ಬೇಸಿಗೆಯಲ್ಲಿ ಚೆನ್ನಾಗಿ ಹಾಡುತ್ತಿದ್ದಂಥವು ಮಳೆ ಬಿದ್ದ ಕೂಡಲೇ ಮೂಕವಾಗಿದ್ದವು. ಮುಂಬೈ ಸ್ಟೇಷನ್ ಹಚ್ಚಿದರೆ ಬರೀ ಸೊಂಯ್ ಅನ್ನುವ ಸದ್ದು.

ನಮ್ಮವರು ಬಸ್ಸು ಹತ್ತಿ ಔರಂಗಾಬಾದಿಗೆ ಹೋದರು. ಬಂದರು. ಎಂಟು ದಿನ ಬಿಟ್ಟು ಮತ್ತೆ ಹೋದರು. ಮನೆಯಲ್ಲಿ ಮಾತು ನಿಂತಿತು. ನಾನು ಏನು ಕೇಳಿದರೂ ‘ಹೂಂ’. ಅಷ್ಟರಲ್ಲಿ ಒಂದು ದಿನ ಒಗೆಯಲು ಹಾಕಿದ ಅವರ ಅಂಗಿಯ ಜೇಬಿನಲ್ಲಿ ಒಂದು ಕರವಸ್ತ್ರದ ಗಂಟು ಸಿಕ್ಕಿತು. ಬಿಚ್ಚಿದೆ. ಒಳಗೆ ನಾಲ್ಕು ಕಾಯಿಲ್, ಒಂದು ಚೀಟಿ. ಚೀಟಿಯಲ್ಲಿ ಅವರದೇ ಅಕ್ಷರದಲ್ಲಿ ‘ಏಳು, ಏಳು, ಏಳು, ಏಳು’ ಅಂತ ಬರೆದಿತ್ತು. ಏಳು ಯಾರ ನಂಬರು ಅಂತ ನನಗೆ ಗೊತ್ತಿತ್ತು. ಗಂಡಸು ಒಬ್ಬ ಹೆಂಗಸಿನ ಕೈಯ ವಸ್ತುವನ್ನು ಕರವಸ್ತ್ರದಲ್ಲಿ ಕಟ್ಟಿ ಎದೆಯ ಜೇಬಿನಲ್ಲಿ ಇಟ್ಟುಕೊಂಡು ತಿರುಗುವುದು ಯಾಕೆ?

ಆ ರವಿವಾರ ಊಟವಾದ ಮೇಲೆ ಇವರು ಕೆಳಗಿಳಿದರು. ನಾನು ಮೇಲಿನ ಕಟಾಂಜನದಿಂದ ಬಗ್ಗಿ ನೋಡಿದೆ. ಮಾವಶಿ ಬಾಗಿಲಲ್ಲಿ ಕೂತು ತಂತಿ ಸುತ್ತುತ್ತಿದ್ದರು. ಇವರು ಮೆಟ್ಟಿಲ ಮೇಲೆ ಕೂತು ಅವರ ಕೈಯನ್ನೇ ನೋಡುತ್ತಿದ್ದರು. ಅರ್ಧ ಗಂಟೆ. ಆಮೇಲೆ ಏನೋ ಅಂದರು. ಮಾವಶಿ ಎರಡೂ ಅಂಗೈ ಅಗಲಿಸಿ ಮುಂದೆ ಚಾಚಿದರು. ಇವರು ಬಗ್ಗಿ ಅಂಗೈ ನೋಡಿದರು, ಒಂದು ಬಿಳಿ ಕಾಗದ ಒತ್ತಿ ತೆಗೆದರು, ಅದನ್ನು ಮಡಿಚಿ ಜೇಬಿಗೆ ಇಟ್ಟುಕೊಂಡರು.

ಇವರು ಮೇಲೆ ಬಂದಾಗ ನಾನು ಪಾತ್ರೆ ತಿಕ್ಕುತ್ತಿದ್ದೆ. ತಿಕ್ಕುವುದಕ್ಕಿಂತ ಕುಟ್ಟುವುದೇ ಜಾಸ್ತಿ ಇತ್ತು.

“ಏನಾತು?”

“ನನಗೇನಾಗ್ತದ್ರಿ. ಮಂದಿ ಅಂಗೈ ನೋಡಿ ಭವಿಷ್ಯ ಹೇಳೂ ಧಂದಾ ಯಾವಾಗ ಸುರು ಮಾಡಿದ್ರಿ?”

ನನ್ನ ಮಾತಿನ ಅರ್ಥ ತಿಳಿದ ಮೇಲೆ ಅವರು ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. ಮೋರೆ ಬಾಡಿತು.

“ಹುಚ್ಚಿ. ಕೆಲವರ ಕೈ ಬೆವರಿಗೆ ತಾಮ್ರ ತಿಂದು ಹೋಗ್ತದ. ಅಕಿ ಕೈ ಬೆವರ್ತಾವೇನಂತ ನೋಡಿದೆ. ಇಲ್ಲ, ಒಣಗಿದ ಕೈ. ಕಾಗದ ಮ್ಯಾಲ ಒಂದ್ ಕಲಿ ಸೈತ ಇಲ್ಲ.” ಸ್ಟೂಲ್ ಎಳೆದು ಕೂತರು. “ಕೆಟ್ಟು ಬಂದ ಸೆಟ್ ಎಲ್ಲಾ ಬಿಚ್ಚಿದೆ. ಎಲ್ಲಾದರಾಗೂ ಏಳನೇ ನಂಬರಿನ ಕಾಯಿಲ್. ಮ್ಯಾನೇಜರ್ ಸಾಹೇಬರು ಅಕಿ ಕೆಲಸ ನಾಳಿಯಿಂದ ಬಂದ್ ಮಾಡು ಅಂದಾರ.”

“ಅಕಿದೇ ತಪ್ಪಿದ್ರ ಮತ್ತೇನ್ ಮಾಡ್ತಾರ?”

“ಅಲ್ಲೇ ಅದ ಗೊಂದಲ. ಅಕಿದೂ ಎಲ್ಲಾ ಕೆಟ್ಟಿಲ್ಲ. ಟ್ರೇದಾಗ ತಾರೀಖಿನ ಚೀಟಿ ಇರ್ತದಲ್ಲ, ಅದೆಲ್ಲಾ ತಗದು ಸೆಟ್ಟಿನ ನಂಬರ್ ಜೋಡಿ ಕೂಡಿಸಿ ನೋಡಿದೆ. ಕೆಟ್ಟದ್ದೆಲ್ಲಾ ಸೋಮವಾರ ಕೊಟ್ಟ ಟ್ರೇದು. ಮಂಗಳವಾರದ್ದು ಚಂದ ಅದ, ಶನಿವಾರದ್ದು ಚಂದ ಅದ. ಸೋಮವಾರ ಒಂದೇ. ಸಾಹೇಬರು ಅಂತಾರ, ರವಿವಾರ ಅಕಿ ಮಗಳ ಕೈಲೆ ಮಾಡಿಸ್ತಾಳ, ಇಲ್ಲಾ ಛಲೋ ತಂತಿ ಹೊರಗ ಮಾರಿ ಖರಾಬ್ ತಂತಿ ಸುತ್ತತಾಳ ಅಂತ. ಅದಕ್ಕ ಇವತ್ತ ರವಿವಾರ ಕುಂತು ನೋಡಿದೆ. ಅಕಿನೇ ಸುತ್ತತಾಳ, ಅದೇ ತಂತಿ, ಅದೇ ಎಣಿಕಿ. ಸೋಮವಾರದಾಗ ಏನದ ಅಂತ ನನಗ ಹತ್ತವಲ್ದು.”

ಸೋಮವಾರದಲ್ಲಿ ಏನಿದೆ ಅಂತ ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ವಿಭೂತಿಯಿಂದ ಕೆಡುಕಾಗುತ್ತದೆಯೇ, ಸಾಧ್ಯವೇ ಇಲ್ಲ, ನಾನೇಕೆ ಸುಳ್ಳೇ ನನ್ನ ಮೇಲೆ ಹಾಕಿಕೊಳ್ಳಬೇಕು ಅಂತ ನನ್ನನ್ನೇ ನಂಬಿಸಿಕೊಂಡೆ. ಮರುದಿನ ಸೋಮವಾರ. ಮಾವಶಿ ಟ್ರೇ ತರಲಿಲ್ಲ. ಇವರು ಕೆಳಗೆ ಹೋಗಿ, ಸ್ವಲ್ಪ ದಿನ ಕೆಲಸ ನಿಲ್ಲಿಸಿದ್ದಾರೆ ಅಂತ ಹೇಳಿ ಬಂದರು. ಮಾವಶಿ ‘ಬರ್’, ಆಗಲಿ, ಅಂದರಂತೆ, ಅಷ್ಟೇ. ಯಾಕೆ ಅಂತಲೂ ಕೇಳಲಿಲ್ಲವಂತೆ. ವಿಧವೆ ಹೆಂಗಸು, ಕೆಲಸ ಹೋದರೆ ಯಾಕೆ ಅಂತ ಕೇಳುವ ರೂಢಿ ಬಿಟ್ಟುಹೋಗಿರುತ್ತದೆ.

ಮೂರನೇ ದಿನಕ್ಕೆ ಅಂಗಳದಲ್ಲಿ ಮುತ್ತುಗದ ಎಲೆಯ ರಾಶಿ ಬಂತು. ಘಾಟಿನ ಭಟ್ಟರ ಮನೆಗಳಿಗೆ ಪತ್ರಾವಳಿ ಹಚ್ಚಿಕೊಡುವ ಕೆಲಸ ಹಿಡಿದಿದ್ದರು. ಮಗಳು ಶಾಲೆಗೆ ಹೋಗದೆ ಪಕ್ಕದಲ್ಲಿ ಕೂತು ಕಡ್ಡಿ ಸೀಳುತ್ತಿದ್ದಳು. ವಾಡೆಯಲ್ಲಿ ಮಾತು ಹಬ್ಬಿತ್ತು. ನಳದ ಹತ್ತಿರ ಒಬ್ಬಳು ನನ್ನ ಕಿವಿಯಲ್ಲಿ, “ತಾರ್ ಚೋರಿ ಮಾಡಿದಳಂತೆ, ತಂತಿ ಕದ್ದಳಂತೆ, ಹೌದಾ? ನಿಮ್ಮ ಯಜಮಾನರಿಗೆ ಗೊತ್ತಿರಬೇಕಲ್ಲ” ಅಂದಳು. ನಾನು ಕೊಡ ಎತ್ತಿಕೊಂಡು ಬಂದೆ. ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಆ ಎಂಟು ದಿನ ಕಪಾಲೇಶ್ವರನ ಗುಡಿಗೆ ಹೋದರೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ, ಕೆಳಗಿನಿಂದಲೇ ಕೈಮುಗಿದು ಬರುತ್ತಿದ್ದೆ.

ಮುಂದಿನ ಸೋಮವಾರ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಳ್ಳಲು ಬೆರಳು ಎತ್ತಿದೆ. ಹಣೆಯ ತನಕ ಹೋಗಲಿಲ್ಲ. ಇವರು ತಲೆ ಬಾಚುತ್ತಿದ್ದರು.

“ಏನ್ರಿ, ಸೋಮವಾರದ ಟ್ರೇ ಮ್ಯಾಲ ನಾನು ವಿಭೂತಿ ಹಾಕ್ತಿದ್ದೆ” ಅಂದೆ.

ಬಾಚಣಿಗೆ ನಿಂತಿತು. ಬೈಯುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು, “ಎಷ್ಟು?”

“ಒಂದು ಚಿಟಿಕಿ.”

“ಯಾವಾಗಿಂದ?”

“ಶಿವರಾತ್ರಿ ಆದ ಮ್ಯಾಲಿಂದ.”

“ಎಲ್ಲಾ ಸೋಮವಾರ?”

“ಎಲ್ಲಾ ಸೋಮವಾರ.”

ಎದ್ದು ಬಂದು ನನ್ನ ಬಟ್ಟಲಿನ ವಿಭೂತಿಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದರು, ಮೂಸಿದರು, ನಾಲಿಗೆಗೆ ಹಚ್ಚಿದರು. “ಉಪ್ಪುಪ್ಪ ಅದ” ಅಂದರು. “ನೀ ಹೇಳಿದ್ದು ಖರೇ ಇರಬಹುದು. ಆದ್ರ ಪರೀಕ್ಷಾ ಆಗಬೇಕು.”

ಜೀವ ಕೈಯಲ್ಲಿ ಹಿಡಿದುಕೊಂಡು ತಪ್ಪು ಒಪ್ಪಿಕೊಂಡರೆ ಅದಕ್ಕೂ ಪರೀಕ್ಷೆ! ಆ ದಿನ ಅವರು ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿದರು. ತಮ್ಮ ಚೀಲದಿಂದ ಹೊಸ ಕಾಯಿಲ್ ಎಂಟು ತೆಗೆದರು, ಎಲ್ಲವೂ ಮಾವಶಿಯವೇ, ಶನಿವಾರದವು. ನಾಲ್ಕಕ್ಕೆ ನನ್ನ ಕೈಯಿಂದಲೇ, ನಾನು ಹೇಗೆ ಉದುರಿಸುತ್ತಿದ್ದೆನೋ ಹಾಗೆಯೇ, ವಿಭೂತಿ ಹಾಕಿಸಿದರು. ನಾಲ್ಕಕ್ಕೆ ಇಲ್ಲ. ಕಾರ್ಖಾನೆಯಲ್ಲಿ ಮಾಡುವ ಹಾಗೆ ಎಂಟನ್ನೂ ಬಿಸಿ ಮೇಣದಲ್ಲಿ ಅದ್ದಿ ಒಣಗಿಸಿದರು. ನನ್ನ ಇಡ್ಲಿ ಪಾತ್ರೆಯಲ್ಲಿ ನೀರು ಕುದಿಸಿ, ಮೇಲೆ ದಾರದಿಂದ ತೂಗುಬಿಟ್ಟು, ಸಣ್ಣ ಉರಿಯಲ್ಲಿ ಉಗಿ ಹಿಡಿಸಿದರು. ಎಂಟಕ್ಕೂ ಒಂದೇ ಪಾತ್ರೆ, ಒಂದೇ ಉಗಿ, ಒಂದೇ ಹೊತ್ತು. ಬೇರೆ ಇದ್ದದ್ದು ವಿಭೂತಿ ಮಾತ್ರ. ಉಗಿ ಹಿಡಿದ ಎಂಟನ್ನೂ ಡಬ್ಬಿಯಲ್ಲಿ ಮುಚ್ಚಿ ಮಧ್ಯಾಹ್ನ ಕಾರ್ಖಾನೆಯ ಮೀಟರಿಗೆ ಹಚ್ಚಲು ಒಯ್ದರು.

ಸಂಜೆ ಸೈಕಲ್ ಸದ್ದು ಕೇಳಿ ಬಾಗಿಲಿಗೆ ಬಂದೆ.

“ನಾಲ್ಕು ಜೀವಂತ ಅವ. ನಾಲ್ಕರಾಗ ಮುಳ್ಳು ಮ್ಯಾಲೇ ಏಳವಲ್ದು.” ಒಳಗೆ ಬಂದು ಚಪ್ಪಲಿ ಬಿಟ್ಟರು. “ಬೂದಿಯೊಳಗಿನ ಉಪ್ಪು ಮಳಿ ತೇವ ಎಳ್ಕೋತದ. ಬೂದಿ ಇದ್ದಲ್ಲಿ ಮೇಣ ಗಟ್ಟಿ ಹಿಡಿಯಲ್ಲ. ಬ್ಯಾಸಗಿಯೊಳಗ ಏನೂ ಗೊತ್ತಾಗಲ್ಲ, ಅದಕ್ಕ ಪಾಸ್ ಆಗಿ ಹೋದ್ವು.”

“ಸಾಹೇಬರಿಗೆ ಕೊಡೂ ಕಾಗದದಾಗ ಏನಂತ ಬರೀತೀರಿ?”

“ಇದ್ದದ್ದು. ಟ್ರೇ ಇಂಜಿನಿಯರ್ ಮನಿಯೊಳಗ ಇಟ್ಟಿತ್ತು, ಅಲ್ಲಿ ಬೂದಿ ಬಿತ್ತು ಅಂತ. ಟ್ರೇ ನಾ ಒಯ್ಯಬಾರದಿತ್ತು. ಅದು ನನ್ನ ತಪ್ಪು.”

“ನಿಮಗ ಏನರೆ ಅಂದ್ರ?”

“ಅಂತಾರ” ಅಂದರು.

ಅಂದರು ಕೂಡ. ಆ ವರ್ಷ ಇವರಿಗೆ ಬರಬೇಕಿದ್ದ ಬಡ್ತಿ ಬರಲಿಲ್ಲ. ಆದರೆ ಮಾವಶಿಯ ಮೇಲಿನ ಕಳವಿನ ಮಾತು ಕಾಗದದಿಂದ ಅಳಿಸಿತು, ಗುರುವಾರದಿಂದ ಕೆಲಸ ಮತ್ತೆ ಸಿಕ್ಕಿತು. ಟ್ರೇ ಮಾತ್ರ ಇನ್ನು ಮಾವಶಿಯೇ ಒಯ್ದು ಕೊಡಬೇಕು.

ಆ ಸುದ್ದಿ ನಾನೇ ಹೇಳುತ್ತೇನೆ ಅಂತ ಕೆಳಗೆ ಹೋದೆ. ಮಾವಶಿ ಎಲೆ ಹಚ್ಚುತ್ತಿದ್ದರು. ಎದುರಿಗೆ ಕೂತು ನನ್ನ ಹರಕು ಮರಾಠಿಯಲ್ಲಿ ಎಲ್ಲವನ್ನೂ ಹೇಳಿದೆ. ಅವರು ಕಡ್ಡಿ ಚುಚ್ಚುವುದು ನಿಲ್ಲಿಸದೆ ಕೇಳಿದರು.

“ಬೂದಿ ಯಾಕೆ ಹಾಕಿದೆ, ವೈನಿ?”

“ದೃಷ್ಟಿ ತಾಗಬಾರದು ಅಂತ.”

“ಯಾರ ದೃಷ್ಟಿ?”

ನನ್ನ ಕಣ್ಣು ಅವರ ಹಣೆಯ ಮೇಲೆ ಹೋಗಿ ಇಳಿಯಿತು. ಅಷ್ಟರಲ್ಲೇ ಅವರಿಗೆ ಉತ್ತರ ಸಿಕ್ಕಿತು. ಎಲೆಯನ್ನು ಕೆಳಗಿಟ್ಟರು.

“ನಿನ್ನ ಯಜಮಾನರಿಗೆ ನನ್ನ ಕೈ ಮೇಲೆ ಅನುಮಾನ ಇತ್ತು. ಬಂದರು, ಕೈ ತೋರಿಸು ಅಂದರು, ನೋಡಿದರು, ಬಿಟ್ಟರು. ನಿನಗೆ ನನ್ನ ಹಣೆ ಮೇಲೆ ಅನುಮಾನ. ಅದನ್ನು ನಾನು ಹೇಗೆ ತೋರಿಸಲಿ, ಹೇಗೆ ಬಿಡಿಸಿಕೊಳ್ಳಲಿ, ಹೇಳು.”

“ತಪ್ಪಾತು, ಮಾವಶಿ.”

“ಹೋಯ್” ಅಂದರು. ಹೌದು ಅಂತ. ಇರಲಿ ಬಿಡು ಅನ್ನಲಿಲ್ಲ. ನಾನು ಎದ್ದು ಹೊರಟಾಗ ಹಿಂದಿನಿಂದ, “ನಳದ ಹತ್ತಿರ ಅಂತಾರಲ್ಲ, ಅವರಿಗೂ ಇದನ್ನು ಹೇಳು. ನನ್ನ ಮಗಳು ನಾಳೆ ಶಾಲೆಗೆ ಹೋಗಬೇಕು” ಅಂದರು.

ಮರುದಿನ ಬೆಳಿಗ್ಗೆ ನಳಕ್ಕೆ ಹೋದೆ, ಹೇಳಿದೆ. ಕೆಲವರು ನಕ್ಕರು. ತಾರ್ ಚೋರಿ ಅಂದವಳು, “ಅಯ್ಯ, ನಾವೇನು ನಂಬಿದ್ದೆವಾ?” ಅಂದಳು. ಕೊಡ ತುಂಬುವ ತನಕ ನಿಲ್ಲುವುದು ಕಷ್ಟವಾಯಿತು, ಆದರೂ ನಿಂತೆ.

ಆಮೇಲೆ ನಾವು ಅದೇ ವಾಡೆಯಲ್ಲಿ ಎರಡು ವರ್ಷ ಇದ್ದೆವು. ಮಾವಶಿ ದಿನಾ ಬೆಳಿಗ್ಗೆ ಟ್ರೇ ಎತ್ತಿಕೊಂಡು ಅಂಗಳ ದಾಟುವರು. ನಾನು ಮಾಳಿಗೆಯ ಮೇಲೆ ನಿಂತದ್ದು ಕಂಡರೆ ಸೆರಗನ್ನು ಎಳೆದು ಟ್ರೇಯ ಮೇಲೆ ಹೊದಿಸುವರು. ಸೋಮವಾರ ಮಾತ್ರ ಅಲ್ಲ, ಎಲ್ಲ ದಿನ. ಸಿಟ್ಟಿನಿಂದ ಮಾಡುತ್ತಿರಲಿಲ್ಲ. “ಕಾಯ್ ವೈನಿ, ಝಾಲಾ ಚಹಾ?” ಅಂತ ಕೇಳುತ್ತಲೇ ಹೊದಿಸುವರು. ನಾನು “ಚಹಾ ಆಯಿತು ಮಾವಶಿ” ಅನ್ನುತ್ತಿದ್ದೆ. ಅವರು ನನ್ನ ಜೊತೆ ಮಾತು ಬಿಡಲಿಲ್ಲ ಅನ್ನುವುದನ್ನು ಆಗಲೂ ಈಗಲೂ ನಾನು ದೇವರ ದಯೆಯ ಲೆಕ್ಕದಲ್ಲೇ ಇಟ್ಟುಕೊಂಡಿದ್ದೇನೆ.

ನಮ್ಮವರಿಗೆ ಸಂಭಾಜಿನಗರದ ಒಂದು ಹೊಸ ಕಾರ್ಖಾನೆಯಲ್ಲಿ ಕೆಲಸ ಸಿಕ್ಕು ನಾವು ಹೊರಟ ದಿನ ಮಾವಶಿ ಮೇಲೆ ಬಂದರು. ಪಾತ್ರೆಗಳನ್ನು ಗೋಣಿಗೆ ತುಂಬಿ, ಬಾಯಿ ಹೊಲಿದು, ಕೆಳಗೆ ಇಳಿಸುವ ತನಕ ನನ್ನ ಜೊತೆ ದುಡಿದರು. ಬೆಳಗಿನ ಹೊತ್ತು, ಅವರು ಟ್ರೇ ಒಯ್ಯುವ ಹೊತ್ತು. ಅಂದಿನ ಟ್ರೇ ಒಳಗೇ ಇತ್ತು, ಹಗಲು ಎಂದೂ ಬೀಗ ಕಾಣದ ಅವರ ಕೋಣೆಗೆ ಕೆಳಗೆ ಬೀಗ ಬಿದ್ದಿತ್ತು. ಗೋಣಿ ಎತ್ತಲು ಬಗ್ಗಿದಾಗ ಬೀಗದ ಕೈ ಅವರ ಸೊಂಟದಲ್ಲಿ ಕಂಡಿತು. ನಾನು ನೋಡಿದ್ದನ್ನು ಅವರೂ ನೋಡಿದರು.

“ಹಿಡಿಯೇ, ಆ ತುದಿ ಹಿಡಿ” ಅಂದರು. ಇಬ್ಬರೂ ಸೇರಿ ಗೋಣಿ ಎತ್ತಿದೆವು.